ಹೊಸ ಕಾರೇ ಪದೇ ಪದೇ ಕೈಕೊಟ್ಟರೆ: ಅಮೆರಿಕದ ಲೆಮನ್ ಲಾದಲ್ಲಿ ಯಾವ ದಾರಿ ಹಿಡಿಯಬೇಕು?

ಮೊದಲು ಒಂದು ತಪ್ಪು ನಂಬಿಕೆ ಬಿಟ್ಟುಬಿಡೋಣ. ಅಮೆರಿಕದಲ್ಲಿ ಹೊಸ ಕಾರು ಕೊಂಡರೆ ಮೂರು ದಿನದೊಳಗೆ ವಾಪಸ್ ಕೊಡಬಹುದು ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಮೂರು ದಿನದ ಆ ಕೇಂದ್ರ ನಿಯಮ ಇರುವುದು ಮನೆ ಬಾಗಿಲಿಗೆ ಬಂದು ಮಾರುವಂಥ ವ್ಯಾಪಾರಕ್ಕೆ. ಡೀಲರ್ ಅಂಗಡಿಯಲ್ಲಿ ಕೂತು ಸಹಿ ಹಾಕಿದ ಹೊಸ ಕಾರಿಗೆ ಅದು ಅನ್ವಯಿಸುವುದಿಲ್ಲ. ಸಹಿ ಬಿದ್ದು ಕೀಲಿ ಕೈಗೆ ಬಂದ ಮೇಲೆ ಕಾರು ನಿಮ್ಮದು. ಅದರ ತೊಂದರೆಯೂ ನಿಮ್ಮದೇ, ಬೇರೆ ದಾರಿ ಹುಡುಕಿಕೊಳ್ಳುವ ತನಕ.

ದಾರಿಗಳು ಇಲ್ಲವೆಂದಲ್ಲ. ಪದೇ ಪದೇ ರಿಪೇರಿ ಮಾಡಿದರೂ ಸರಿಹೋಗದ ಹೊಸ ಕಾರನ್ನು ಕಂಪನಿ ವಾಪಸ್ ತೆಗೆದುಕೊಳ್ಳಬೇಕು ಅಥವಾ ಬದಲಿಸಿ ಕೊಡಬೇಕು ಎನ್ನುವ ರಾಜ್ಯಗಳ ಕಾನೂನು ಇದೆ, ಅದಕ್ಕೇ ಲೆಮನ್ ಲಾ ಎನ್ನುವುದು. ಅದರ ಜೊತೆಗೆ ಬೇರೆ ದಾರಿಗಳೂ ಸ್ವಲ್ಪ ಜಾಸ್ತಿಯೇ ಇವೆ. ಅದೇ ಗೊಂದಲಕ್ಕೆ ಕಾರಣ. ಡೀಲರ್ ಒಂದು ಹೇಳುತ್ತಾರೆ, ಕಂಪನಿಯ ಗ್ರಾಹಕ ವಿಭಾಗ ಇನ್ನೊಂದು ಹೇಳುತ್ತದೆ, ಆಫೀಸಿನ ಗೆಳೆಯರು ನೇರ ವಕೀಲರ ಹತ್ತಿರ ಹೋಗು ಅನ್ನುತ್ತಾರೆ. ಯಾವ ದಾರಿ ಸರಿ ಅನ್ನುವುದು ಎರಡು ವಿಷಯದ ಮೇಲೆ ನಿಂತಿದೆ. ಕಾರು ಯಾವ ರಾಜ್ಯದಲ್ಲಿ ಕೊಂಡಿರಿ, ಮತ್ತು ನಿಮಗೆ ಕೊನೆಗೆ ಬೇಕಾಗಿರುವುದು ಏನು. ಕಾರು ಸರಿಹೋದರೆ ಸಾಕಾ? ಅಥವಾ ಮನೆ ಮುಂದೆ ಅದು ನಿಂತಿರುವುದನ್ನೂ ನೋಡಲಾಗದಷ್ಟು ಬೇಸರ ಬಂದಿದೆಯಾ? ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಮಾಡದಿದ್ದರೆ ಕಂಪನಿಯವರು ನಿಮ್ಮ ಪರವಾಗಿ ತೀರ್ಮಾನ ಮಾಡುತ್ತಾರೆ.

ಯಾವ ದಾರಿಗೂ ಬೇಕಾದ ಕಾಗದ

ಯಾವ ಆಯ್ಕೆಗೆ ಹೋದರೂ ಕೊನೆಗೆ ನಿಮ್ಮನ್ನು ಕಾಯುವುದು ರಿಪೇರಿ ಆರ್ಡರ್. ಪ್ರತಿ ಸಲ ಗಾಡಿ ಬಿಟ್ಟಾಗ ಡೀಲರ್ ಕೊಡುವ ಆ ಹಾಳೆ. ಅದರಲ್ಲಿ ಗಾಡಿ ಒಳಗೆ ಬಂದ ದಿನ, ಹೊರಗೆ ಹೋದ ದಿನ, ಓಡೋಮೀಟರ್ ಓದು, ನಿಮ್ಮ ದೂರು, ಅವರು ಮಾಡಿದ ಕೆಲಸ ಎಲ್ಲ ಇರಬೇಕು. ವಾರಂಟಿ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಕೆಲವು ಕಡೆ ಕಾಗದವನ್ನೇ ಕೊಡುವುದಿಲ್ಲ. "ಸುಮ್ನೆ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ವಿ, ಹೋಗಿ ಬನ್ನಿ" ಅನ್ನುತ್ತಾರೆ. ಹೋಗಬೇಡಿ. ಕಾಗದ ಇಲ್ಲದ ಭೇಟಿ ಮುಂದೆ ಲೆಕ್ಕಕ್ಕೆ ಸಿಗುವುದು ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಬಹುತೇಕ ರಾಜ್ಯಗಳ ಕಾನೂನು ಎಣಿಸುವುದು "ಒಂದೇ ತೊಂದರೆಗೆ" ಎಷ್ಟು ಸಲ ರಿಪೇರಿ ಆಯಿತು ಎಂದು. ಮೊದಲ ಸಲ "ಕಾರು ಜಗ್ಗುತ್ತದೆ", ಎರಡನೇ ಸಲ "ಗೇರು ಸರಿ ಬೀಳುತ್ತಿಲ್ಲ", ಮೂರನೇ ಸಲ "ಪಿಕಪ್ ಇಲ್ಲ" ಎಂದು ಬರೆಸಿದರೆ, ನಿಮಗೆ ಅದು ಒಂದೇ ಕಾಯಿಲೆ. ಕಂಪನಿಯ ವಕೀಲರಿಗೆ ಅದು ಮೂರು ಬೇರೆ ಬೇರೆ ಸಣ್ಣ ದೂರು. ಪ್ರತಿ ಸಲವೂ ಅದೇ ಮಾತಿನಲ್ಲಿ ಹೇಳಿ, ಅದೇ ಮಾತನ್ನು ಬರೆಸಿ. ಯಾವ ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರು ರಸ್ತೆಯಲ್ಲೋ ಸಮತಟ್ಟಿನಲ್ಲೋ ಎಂಬುದನ್ನು ಸೇರಿಸಿ. ನೀವು ಹೇಳಬೇಕಾದದ್ದು ಲಕ್ಷಣ ಮಾತ್ರ. ಕಾರಣ ಹುಡುಕುವುದು ಅವರ ಕೆಲಸ. ಒಂದೇ ಲಕ್ಷಣಕ್ಕೆ ಪ್ರತಿ ಸಲ ಬೇರೆ ಬೇರೆ ಭಾಗ ಬದಲಾಯಿಸಿದರು ಅನ್ನೋಣ. ಆಗ, ದೂರಿನ ಮಾತು ಒಂದೇ ಇದ್ದರೆ, ಅದು ಒಂದೇ ತೊಂದರೆ ಎಂದು ವಾದಿಸಲು ಗಟ್ಟಿ ಆಧಾರ ಇರುತ್ತದೆ.

"ತೊಂದರೆ ಕಂಡುಬರಲಿಲ್ಲ" ಎಂದು ಬರೆದು ಗಾಡಿ ವಾಪಸ್ ಕೊಡುವುದು ತೀರಾ ಸಾಮಾನ್ಯ. ಅದನ್ನು ನೋಡಿ ಎದೆಗುಂದಬೇಡಿ, ಅದೂ ನೀವು ಗಾಡಿ ತಂದಿರಿ ಎನ್ನುವುದಕ್ಕೆ ಸಾಕ್ಷಿಯೇ. ಆದರೆ ಎರಡು ಸಲ ಹಾಗಾದರೆ ಮೆಕ್ಯಾನಿಕ್ ಜೊತೆಗೆ ಒಂದು ಸುತ್ತು ಓಡಿಸಲು ಕೇಳಿ. ಎಚ್ಚರಿಕೆ ದೀಪ ಹೊತ್ತಿದಾಗ, ಪರದೆ ಕಪ್ಪಾದಾಗ ವಿಡಿಯೋ ಇರಲಿ. ಓಡಿಸುತ್ತಾ ತೆಗೆಯಬೇಡಿ, ಪಕ್ಕದಲ್ಲಿ ಕೂತವರು ತೆಗೆಯಲಿ.

ಕಾರಿನ 17 ಅಕ್ಷರದ ವಿನ್ ಸಂಖ್ಯೆಯನ್ನು ಕೇಂದ್ರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ನೋಡುವುದನ್ನೂ ಇದೇ ಹಂತದಲ್ಲಿ ಮಾಡಿ. ರಿಕಾಲ್, ಅಂದರೆ ದೋಷ ಸರಿಮಾಡಲು ಕಂಪನಿ ಕಾರುಗಳನ್ನು ವಾಪಸ್ ಕರೆದಿರುವುದು, ಇದ್ದರೆ ಅಲ್ಲೇ ಗೊತ್ತಾಗುತ್ತದೆ, ಅದರ ರಿಪೇರಿ ಉಚಿತ. ಅದಕ್ಕಿಂತ ಉಪಯೋಗದ್ದು ಟೆಕ್ನಿಕಲ್ ಸರ್ವೀಸ್ ಬುಲೆಟಿನ್. ಕಂಪನಿ ತನ್ನ ಡೀಲರ್‌ಗಳಿಗೆ "ಈ ಮಾದರಿಯಲ್ಲಿ ಈ ತೊಂದರೆ ಬರುತ್ತಿದೆ, ಹೀಗೆ ಸರಿಮಾಡಿ" ಎಂದು ಕಳಿಸುವ ಪತ್ರ ಅದು. ಅದೇ ತಾಣದಲ್ಲಿ ಸಿಗುತ್ತದೆ. "ಯಾರೂ ಈ ದೂರು ಹೇಳಿಲ್ಲ, ನೀವೇ ಮೊದಲು" ಎನ್ನುವ ಡೀಲರ್ ಕಡೆಯ ಸರ್ವೀಸ್ ಅಡ್ವೈಸರ್ ಮುಂದೆ ಆ ಪತ್ರದ ಪ್ರತಿ ಇಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ಎನ್‌ಎಚ್‌ಟಿಎಸ್‌ಎಗೆ ದೂರನ್ನೂ ಕೊಡಿ, ಆದರೆ ನಿಮ್ಮ ದುಡ್ಡು ಅಲ್ಲಿಂದ ಬರುವುದಿಲ್ಲ. ಅವರು ನೋಡುವುದು ಇಡೀ ಮಾದರಿಯಲ್ಲಿ ಸುರಕ್ಷತೆಯ ದೋಷ ಇದೆಯಾ ಎಂದು.

ಕಂಪನಿಯ ಜೊತೆ ನೇರ ಮಾತು

ಡೀಲರ್ ಬೇರೆ, ಕಂಪನಿ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಡೀಲರ್ ಮ್ಯಾನೇಜರ್ ಜೊತೆ ತಿಂಗಳುಗಟ್ಟಲೆ ಜಗಳ ಆಡುತ್ತಾರೆ. ಲೆಮನ್ ಲಾ ಪ್ರಕಾರ ಕಾರು ವಾಪಸ್ ತೆಗೆದುಕೊಳ್ಳುವ ಹೊಣೆ ಕಾರು ತಯಾರಿಸಿದ ಕಂಪನಿಯದ್ದು. ಡೀಲರ್‌ಗೆ ಆ ಅಧಿಕಾರವೂ ಇಲ್ಲ, ಆಸಕ್ತಿಯೂ ಇಲ್ಲ. ಹಾಗಾಗಿ ಎರಡನೇ ರಿಪೇರಿ ಫಲ ಕೊಡದಿದ್ದಾಗಲೇ ಕಂಪನಿಯ ಗ್ರಾಹಕ ವಿಭಾಗಕ್ಕೆ ಫೋನ್ ಮಾಡಿ ಕೇಸ್ ನಂಬರ್ ತೆಗೆದುಕೊಳ್ಳಿ. ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ. ಕೆಲವು ರಾಜ್ಯಗಳಲ್ಲಿ ಕಂಪನಿಗೇ ನೇರವಾಗಿ ತಿಳಿಸಿರಬೇಕು ಎನ್ನುವ ಷರತ್ತು ಇದೆ. ಡೀಲರ್‌ಗೆ ಹೇಳಿದ್ದು ಅಲ್ಲಿ ಸಾಲುವುದಿಲ್ಲ. ಯಾವ ವಿಳಾಸಕ್ಕೆ ಬರೆಯಬೇಕು ಎನ್ನುವುದು ವಾರಂಟಿ ಪುಸ್ತಕದಲ್ಲಿ ಇರುತ್ತದೆ. ಯಾರೂ ಓದದ ಆ ಪುಸ್ತಕ ಈಗ ಕೆಲಸಕ್ಕೆ ಬರುತ್ತದೆ.

ಈ ದಾರಿಯಲ್ಲಿ ಖರ್ಚಿಲ್ಲ, ಕಾರು ಚೆನ್ನಾಗಿದ್ದು ಒಂದು ತೊಂದರೆ ಮಾತ್ರ ಕಾಡುತ್ತಿದ್ದರೆ ಇದೇ ಒಳ್ಳೆಯದು. ಕಂಪನಿ ತನ್ನ ಪ್ರಾದೇಶಿಕ ಎಂಜಿನಿಯರ್ ಒಬ್ಬರನ್ನು ಕಳಿಸಬಹುದು. ಒಂದೆರಡು ತಿಂಗಳ ಕಂತು ಕೊಡಬಹುದು, ವಾರಂಟಿ ಅವಧಿ ಹೆಚ್ಚಿಸಬಹುದು, ಸ್ವಲ್ಪ ನಗದು ಕೊಟ್ಟು ಕಾರು ನಿಮ್ಮ ಹತ್ತಿರವೇ ಇರಲಿ ಅನ್ನಬಹುದು. ಇಂಥ ಒಪ್ಪಂದಕ್ಕೆ "ಕ್ಯಾಶ್ ಆ್ಯಂಡ್ ಕೀಪ್" ಎನ್ನುತ್ತಾರೆ. ತೊಂದರೆ ಕಿರಿಕಿರಿಯದ್ದಾಗಿದ್ದರೆ, ಅಂದರೆ ಬಾಗಿಲ ಹತ್ತಿರ ಶಬ್ದ, ಸ್ಪೀಕರ್ ಗೊರಗೊರ, ಆಗಾಗ ಕೈಕೊಡುವ ಹಿಂದಿನ ಕ್ಯಾಮೆರಾ, ಈ ಒಪ್ಪಂದ ಕೆಟ್ಟದ್ದೇನಲ್ಲ. ಬ್ರೇಕು, ಸ್ಟೀರಿಂಗ್, ರಸ್ತೆ ಮಧ್ಯೆ ಎಂಜಿನ್ ನಿಲ್ಲುವುದು ಇಂಥದ್ದಕ್ಕೆ ನಗದು ತೆಗೆದುಕೊಂಡು ಸುಮ್ಮನಾಗುವುದು ನನಗಂತೂ ಒಪ್ಪಿಗೆಯಿಲ್ಲ. ಮನೆಯವರೂ ಕೂರುವ ಗಾಡಿ ಅದು.

ಒಂದು ಎಚ್ಚರಿಕೆ. ಮೂರು ತಿಂಗಳ ಕಂತಿನ ಚೆಕ್ ಜೊತೆ ಬರುವ ಕಾಗದದಲ್ಲಿ "ಈ ತೊಂದರೆಯ ಬಗ್ಗೆ ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಎಂಬ ಸಾಲು ಇರಬಹುದು. ಸಹಿ ಹಾಕುವ ಮೊದಲು ಆ ಸಾಲು ಹುಡುಕಿ.

ರಾಜ್ಯದಿಂದ ರಾಜ್ಯಕ್ಕೆ ಎಷ್ಟು ವ್ಯತ್ಯಾಸ

ಮೊದಲ ಲೆಮನ್ ಲಾ ಬಂದದ್ದು 1982ರಲ್ಲಿ, ಕನೆಕ್ಟಿಕಟ್‌ನಲ್ಲಿ. ಈಗ ಎಲ್ಲ ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಆದರೆ ಒಂದು ರಾಜ್ಯದ ಗೆಳೆಯರ ಅನುಭವ ಇನ್ನೊಂದು ರಾಜ್ಯಕ್ಕೆ ಹೊಂದುವುದಿಲ್ಲ. ನಮ್ಮವರು ಜಾಸ್ತಿ ಇರುವ ನಾಲ್ಕು ರಾಜ್ಯಗಳನ್ನು ತೆಗೆದುಕೊಂಡು ನೋಡೋಣ.

ನ್ಯೂಜೆರ್ಸಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಮೊದಲ 2 ವರ್ಷ ಅಥವಾ 24,000 ಮೈಲಿ, ಯಾವುದು ಮೊದಲೋ ಅದು. ಅಷ್ಟರೊಳಗೆ ಒಂದೇ ತೊಂದರೆಗೆ 3 ಸಲ ರಿಪೇರಿ ಆಗಿರಬೇಕು, ಇಲ್ಲವೇ ಒಟ್ಟು 20 ದಿನ ಗಾಡಿ ರಿಪೇರಿಯಲ್ಲೇ ಬಿದ್ದಿರಬೇಕು. ಪ್ರಾಣಕ್ಕೆ ಅಪಾಯ ತರುವಂಥ ದೋಷವಾದರೆ 1 ಸಲ ಸಾಕು. ಆಮೇಲೆ ಕಂಪನಿಗೆ ಸರ್ಟಿಫೈಡ್ ಅಂಚೆಯಲ್ಲಿ ಪತ್ರ ಕಳಿಸಿ ಕೊನೆಯ ಅವಕಾಶ ಕೊಡಬೇಕು. ಪತ್ರ ಮುಟ್ಟಿದ ಮೇಲೆ ಅವರಿಗೆ 10 ದಿನ. ಈ ಪತ್ರ ಬಿಟ್ಟರೆ ಉಳಿದದ್ದೆಲ್ಲ ಸರಿಯಿದ್ದರೂ ಅರ್ಜಿ ನಿಲ್ಲುವುದಿಲ್ಲ. 10 ದಿನದಲ್ಲೂ ಸರಿಹೋಗದಿದ್ದರೆ ರಾಜ್ಯದ ಲೆಮನ್ ಲಾ ಘಟಕಕ್ಕೆ ಅರ್ಜಿ, ಶುಲ್ಕ 50 ಡಾಲರ್. ವಿಚಾರಣೆ ಆಡಳಿತ ನ್ಯಾಯಾಧೀಶರ ಮುಂದೆ ನಡೆಯುತ್ತದೆ.

ನ್ಯೂಯಾರ್ಕ್‌ನಲ್ಲಿ 2 ವರ್ಷ ಅಥವಾ 18,000 ಮೈಲಿ. ಒಂದೇ ತೊಂದರೆಗೆ 4 ಸಲ, ಅಥವಾ ಒಟ್ಟು 30 ದಿನ. ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಅವರ ಆರ್ಬಿಟ್ರೇಷನ್ ವ್ಯವಸ್ಥೆ, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡುವ ವ್ಯವಸ್ಥೆ, ಇದೆ, ಶುಲ್ಕ 250 ಡಾಲರ್. ಗೆದ್ದರೆ ಅದೂ ವಾಪಸ್. ಆದರೆ ಅಲ್ಲಿನ ತೀರ್ಪಿಗೆ ಎರಡೂ ಕಡೆಯವರು ಬದ್ಧರು. ಸೋತ ಮೇಲೆ ಮತ್ತೆ ಕೋರ್ಟಿಗೆ ಹೋಗಿ ಮೊದಲಿನಿಂದ ಶುರುಮಾಡುವ ಅವಕಾಶ ಇಲ್ಲ ಎಂದೇ ತಿಳಿಯಿರಿ. ಅದಕ್ಕೇ ಅರ್ಧಂಬರ್ಧ ಕಾಗದ ಹಿಡಿದು ಅಲ್ಲಿಗೆ ಹೋಗಬೇಡಿ.

ಟೆಕ್ಸಸ್‌ನಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯದ ಮೋಟಾರು ವಾಹನ ಇಲಾಖೆ. ಶುಲ್ಕ 35 ಡಾಲರ್. ಮೊದಲ 24 ತಿಂಗಳು ಅಥವಾ 24,000 ಮೈಲಿ ಒಳಗೆ ಒಂದೇ ತೊಂದರೆಗೆ 4 ಸಲ, ಸುರಕ್ಷತೆಯ ಗಂಭೀರ ದೋಷಕ್ಕೆ 2 ಸಲ. 30 ದಿನದ ಲೆಕ್ಕವೂ ಉಂಟು, ಆದರೆ ಅಲ್ಲೊಂದು ಮರೆಯಬಾರದ ತಿರುವು ಇದೆ. ಡೀಲರ್ ನಿಮ್ಮ ಗಾಡಿಗೆ ಸಮನಾದ ಲೋನರ್ ಕಾರು (ರಿಪೇರಿ ಮುಗಿಯುವ ತನಕ ಓಡಿಸಲು ಕೊಡುವ ಕಾರು) ಕೊಟ್ಟಿದ್ದರೆ ಆ ದಿನಗಳು 30ರಲ್ಲಿ ಸೇರುವುದಿಲ್ಲ. ಬಾಡಿಗೆ ಕಾರಿಗೆ ಕೈಯಿಂದ ದುಡ್ಡು ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ದಿನದ ಲೆಕ್ಕವನ್ನೇ ನೆಚ್ಚಿಕೊಂಡು ಕೂರಬೇಡಿ, ರಿಪೇರಿ ಎಷ್ಟು ಸಲ ಆಯಿತು ಎನ್ನುವ ದಾಖಲೆಯನ್ನೂ ಗಟ್ಟಿಮಾಡಿಕೊಳ್ಳಿ ಎನ್ನುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಕಥೆ ಬೇರೆಯೇ. ಅಲ್ಲಿ ರಾಜ್ಯವೇ ನಡೆಸುವ ವಿಚಾರಣಾ ವ್ಯವಸ್ಥೆ ಇಲ್ಲ. ಇರುವುದು ರಾಜ್ಯ ಪ್ರಮಾಣಪತ್ರ ಕೊಟ್ಟ, ಕಂಪನಿಗಳ ಖರ್ಚಿನಲ್ಲಿ ನಡೆಯುವ ಆರ್ಬಿಟ್ರೇಷನ್, ಮತ್ತು ಕೋರ್ಟು. ಕಾನೂನಿನ ಹೆಸರು ಸಾಂಗ್-ಬೆವರ್ಲಿ ಕಾಯ್ದೆ, 1970ರದ್ದು. ಮೊದಲ 18 ತಿಂಗಳು ಅಥವಾ 18,000 ಮೈಲಿ ಒಳಗೆ ಒಂದೇ ತೊಂದರೆಗೆ 4 ಸಲ, ಸಾವು ಅಥವಾ ಗಂಭೀರ ಗಾಯ ತರಬಹುದಾದ ದೋಷಕ್ಕೆ 2 ಸಲ, ಇಲ್ಲವೇ ಒಟ್ಟು 30ಕ್ಕಿಂತ ಹೆಚ್ಚು ದಿನ ರಿಪೇರಿಯಲ್ಲಿ ಇದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿದೆ ಎಂದು ಕಾನೂನೇ ಊಹಿಸಿಕೊಳ್ಳುತ್ತದೆ. ತುಂಬಾ ಜನ ಇಲ್ಲಿ ಎಡವುತ್ತಾರೆ. 18 ತಿಂಗಳು ದಾಟಿತು, ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಆ ಊಹೆಯ ಅನುಕೂಲ ಹೋಗಿರುತ್ತದೆ, ಅಷ್ಟೇ. ಕಂಪನಿಯ ವಾರಂಟಿ ಇರುವಾಗ ತೊಂದರೆ ಶುರುವಾಗಿ, ಸಾಕಷ್ಟು ಸಲ ತೋರಿಸಿದ್ದರೂ ಸರಿಹೋಗದಿದ್ದರೆ ಹಕ್ಕು ಇನ್ನೂ ಇರುತ್ತದೆ.

ಆದರೆ ಸಮಯದ ಮಿತಿ ಈಚೆಗೆ ಬಿಗಿಯಾಗಿದೆ. 2024ರಲ್ಲಿ ಬಂದ ಎಬಿ 1755, ಅದರ ಹಿಂದೆಯೇ 2025ರಲ್ಲಿ ಬಂದ ಎಸ್‌ಬಿ 26 ಎಂಬ ಎರಡು ರಾಜ್ಯ ಕಾನೂನುಗಳು ಸೇರಿ ಒಂದು ವಿಚಿತ್ರ ಸ್ಥಿತಿ ತಂದಿಟ್ಟಿವೆ. ಹೊಸ ನಿಯಮಕ್ಕೆ ಒಪ್ಪಿ ಸೇರಿಕೊಂಡ ಕಂಪನಿಗಳಿಗೆ ಒಂದು ಲೆಕ್ಕ, ಸೇರದ ಕಂಪನಿಗಳಿಗೆ ಇನ್ನೊಂದು. ಸೇರಿದವರ ಮೇಲೆ ವಾರಂಟಿ ಮುಗಿದ 1 ವರ್ಷದೊಳಗೆ ದಾವೆ ಹಾಕಬೇಕು. ಕಾರು ಮೊದಲು ಕೈಗೆ ಬಂದ ದಿನದಿಂದ ಒಟ್ಟು 6 ವರ್ಷ ದಾಟುವಂತಿಲ್ಲ. ಕಂಪನಿ ಬೇಕೆಂದೇ ಕಾನೂನು ಮೀರಿದೆ ಎಂದು ದಂಡವನ್ನೂ ಕೇಳುವುದಾದರೆ ದಾವೆಗೆ ಕನಿಷ್ಠ 30 ದಿನ ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ನಿಮ್ಮ ಕಂಪನಿ ಸೇರಿದೆಯಾ ಇಲ್ಲವಾ ಎಂಬ ಪಟ್ಟಿಯನ್ನು ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆ ಪ್ರಕಟಿಸುತ್ತದೆ. ವಕೀಲರನ್ನು ಹುಡುಕುವ ಮೊದಲು ಆ ಪಟ್ಟಿ ನೋಡಿಬಿಡಿ. ಒಂದೇ ಬೀದಿಯ ಎರಡು ಮನೆಯವರಿಗೆ, ಕಾರಿನ ಬ್ರ್ಯಾಂಡ್ ಬೇರೆ ಅನ್ನುವ ಒಂದೇ ಕಾರಣಕ್ಕೆ, ಬೇರೆ ಬೇರೆ ಗಡುವು! ಇದನ್ನು ಯಾರು ಸರಳ ಅಂತಾರೋ ಗೊತ್ತಿಲ್ಲ.

ಉಳಿದ ರಾಜ್ಯದವರು ತಮ್ಮ ಅಟಾರ್ನಿ ಜನರಲ್ ಕಚೇರಿಯ ಪುಟ ನೋಡಿದರೆ ಇಷ್ಟೇ ವಿವರ ಸಿಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಆರ್ಬಿಟ್ರೇಷನ್ ಅಟಾರ್ನಿ ಜನರಲ್ ಕಡೆಯಿಂದಲೇ ನಡೆಯುತ್ತದೆ, ಕಾರು ಮೊದಲು ಕೈಗೆ ಬಂದ 30 ತಿಂಗಳೊಳಗೆ ಅರ್ಜಿ ಹಾಕಬೇಕು. ಫ್ಲಾರಿಡಾದಲ್ಲಿ 3 ಸಲದ ರಿಪೇರಿ ಆದ ಮೇಲೆ ಕಂಪನಿಗೆ ಪತ್ರ ಬರೆದು ಕೊನೆಯ ಅವಕಾಶ ಕೊಡಬೇಕು.

ಕಂಪನಿ ಆರ್ಬಿಟ್ರೇಷನ್, ರಾಜ್ಯದ ವಿಚಾರಣೆ, ವಕೀಲರು: ಮೂರರಲ್ಲಿ ಯಾವುದು?

ಕಂಪನಿ ಹೇಳುವ ಆರ್ಬಿಟ್ರೇಷನ್‌ನಲ್ಲಿ ದೊಡ್ಡ ಹೆಸರು ಬಿಬಿಬಿ ಆಟೋ ಲೈನ್. ಗ್ರಾಹಕರಿಗೆ ಖರ್ಚಿಲ್ಲ. ಸಾಮಾನ್ಯವಾಗಿ 40 ದಿನದಲ್ಲಿ ತೀರ್ಮಾನ ಬರುತ್ತದೆ. ತೀರ್ಮಾನ ನಿಮಗೆ ಒಪ್ಪಿಗೆಯಾದರೆ ಕಂಪನಿ ಅದಕ್ಕೆ ಬದ್ಧ. ಒಪ್ಪಿಗೆಯಾಗದಿದ್ದರೆ ನೀವು ಬದ್ಧರಲ್ಲ, ಕೋರ್ಟಿಗೆ ಹೋಗಬಹುದು. ಕೇಳಲು ನಷ್ಟವೇ ಇಲ್ಲದ ಆಟದಂತೆ ಕಾಣುತ್ತದೆ ಅಲ್ವಾ? ಸಣ್ಣ ನಷ್ಟ ಇದೆ. ಅಲ್ಲಿ ಸೋತ ತೀರ್ಮಾನವನ್ನು ಕಂಪನಿ ಮುಂದೆ ಕೋರ್ಟಿನಲ್ಲಿ ಎತ್ತಿ ತೋರಿಸಬಹುದು. ಮತ್ತೊಂದು, ಕಾರು ವಾಪಸ್ ಕೇಳಿ ಹೋದವರಿಗೆ "ಇನ್ನೊಂದು ಸಲ ರಿಪೇರಿ ಮಾಡಿಕೊಡಿ" ಎಂಬ ತೀರ್ಪೂ ಬರಬಹುದು.

ಹಾಗಂತ ಇದನ್ನು ತಳ್ಳಿಹಾಕಲೂ ಆಗುವುದಿಲ್ಲ. ಕೆಲವು ರಾಜ್ಯಗಳಲ್ಲಿ, ಕಂಪನಿಗೆ ನಿಯಮಬದ್ಧ ಆರ್ಬಿಟ್ರೇಷನ್ ವ್ಯವಸ್ಥೆ ಇದ್ದರೆ ಮೊದಲು ಅಲ್ಲಿಗೆ ಹೋಗಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ ಆಗ ಹೇಳಿದ ಊಹೆಯ ಅನುಕೂಲ ಬೇಕೆಂದರೆ ರಾಜ್ಯ ಒಪ್ಪಿದ ಆರ್ಬಿಟ್ರೇಷನ್ ಇರುವ ಕಂಪನಿಯ ವಿಷಯದಲ್ಲಿ ಮೊದಲು ಅಲ್ಲಿಗೇ ಹೋಗಬೇಕು. ವಾರಂಟಿ ಪುಸ್ತಕ ಮತ್ತೆ ತೆಗೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ನ್ಯೂಜೆರ್ಸಿ, ನ್ಯೂಯಾರ್ಕ್, ಟೆಕ್ಸಸ್‌ನಂಥ ಕಡೆ ರಾಜ್ಯದ ವ್ಯವಸ್ಥೆಯೇ ಮೊದಲ ಆಯ್ಕೆ. ಶುಲ್ಕ ಕಡಿಮೆ, ಕೂತು ಕೇಳುವವರು ಕಂಪನಿಯ ದುಡ್ಡಿನವರಲ್ಲ, ಲೆಕ್ಕ ಸಂಖ್ಯೆಯಲ್ಲಿ ನಡೆಯುತ್ತದೆ. ನಿಮ್ಮ ರಿಪೇರಿ ಆರ್ಡರ್‌ಗಳು ಆ ಸಂಖ್ಯೆಗೆ ಸರಿಯಾಗಿ ಕೂರುತ್ತಿದ್ದರೆ ವಕೀಲರಿಲ್ಲದೆಯೂ ಹೋಗಬಹುದು. ಇಂಗ್ಲಿಷಿನಲ್ಲಿ ವಾದ ಮಾಡಬೇಕಲ್ಲ ಎಂಬ ಅಳುಕು ಬೇಡ. ವಾದಕ್ಕಿಂತ ದಿನಾಂಕ, ಮೈಲಿ, ಕಾಗದ ಇಷ್ಟು ಕ್ರಮವಾಗಿ ಇಟ್ಟರೆ ಅರ್ಧ ಕೆಲಸ ಆದಂತೆ. ಒಂದು ಹಾಳೆಯಲ್ಲಿ ಭೇಟಿಗಳ ಪಟ್ಟಿ ಬರೆದು ಮೇಲೆ ಇಡಿ.

ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ನಾನು ನೇರ ವಕೀಲರ ಕಡೆಗೇ ಬೆರಳು ತೋರಿಸುತ್ತೇನೆ. ಅಲ್ಲಿ ನೀವು ಗೆದ್ದರೆ ವಕೀಲರ ಶುಲ್ಕ ಕಂಪನಿ ಕೊಡಬೇಕು. ಕಂಪನಿ ಬೇಕೆಂದೇ ತಪ್ಪು ಮಾಡಿದೆ ಎಂದು ಸಾಬೀತಾದರೆ ನಷ್ಟದ ಎರಡು ಪಟ್ಟಿನ ತನಕ ದಂಡ ಬೀಳಬಹುದು. ಈ ದಂಡದ ಭಯವೇ ಅಲ್ಲಿ ಕಂಪನಿಗಳನ್ನು ಮಾತುಕತೆಗೆ ಕೂರಿಸುವುದು.

ಕೇಂದ್ರದ ಕಾನೂನೂ ಒಂದಿದೆ, 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ. ರಾಜ್ಯದ ಲೆಮನ್ ಲಾ ಅವಧಿ ತಪ್ಪಿಹೋದವರಿಗೆ, ಕಂಪನಿ ವಾರಂಟಿ ಉಳಿದಿರುವ ಹಳೆ ಕಾರು ಕೊಂಡವರಿಗೆ ಇದು ಆಸರೆ. ಇಲ್ಲೂ ಗೆದ್ದರೆ ವಕೀಲರ ಶುಲ್ಕವನ್ನು ಕಂಪನಿಯಿಂದ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಆದರೆ ಇದರಡಿ ಸಿಗುವುದು ಹೆಚ್ಚಾಗಿ ನಷ್ಟದ ಮೊತ್ತ. ಕಾರು ಪೂರ್ತಿ ವಾಪಸ್ ಆಗುತ್ತದೆ ಎಂದು ನಂಬಿ ಕೂರಬೇಡಿ. ಫೆಡರಲ್ ಕೋರ್ಟಿಗೇ ಹೋಗಬೇಕೆಂದರೆ ವಿವಾದದ ಮೊತ್ತ 50,000 ಡಾಲರ್ ಇರಬೇಕು. ಅದಕ್ಕಿಂತ ಕಡಿಮೆಯಾದರೆ ರಾಜ್ಯದ ಕೋರ್ಟು.

ಹಳೆ ಕಾರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕಂಪನಿ ವಾರಂಟಿ ಉಳಿದಿರುವ ಹಳೆ ಕಾರನ್ನೂ ಹೊಸದರಂತೆ ನೋಡಬೇಕು ಎಂಬ ವಾದ ಕ್ಯಾಲಿಫೋರ್ನಿಯಾದಲ್ಲಿ ಬಹಳ ವರ್ಷ ನಡೆದಿತ್ತು. 2024ರ ಅಕ್ಟೋಬರ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದಕ್ಕೆ ಬಾಗಿಲು ಹಾಕಿತು. ಮಾರುವಾಗ ಹೊಸ ವಾರಂಟಿ ಕೊಟ್ಟಿರದಿದ್ದರೆ, ಉಳಿದ ವಾರಂಟಿ ಒಂದೇ ಕಾರಣಕ್ಕೆ ಅದು ಹೊಸ ಕಾರಾಗುವುದಿಲ್ಲ.

ವಕೀಲರನ್ನು ಆರಿಸುವಾಗ ಅವರಿಗೇ ಮೂರು ಪ್ರಶ್ನೆ ಕೇಳಿ. ಸೋತರೆ ಕೋರ್ಟ್ ಖರ್ಚು ಯಾರ ತಲೆ ಮೇಲೆ? ಕಂಪನಿ ಕೊಡುವ ಮೊತ್ತದಲ್ಲಿ ನಿಮ್ಮ ಪಾಲು ಇದೆಯಾ, ಅಥವಾ ನಿಮ್ಮ ಶುಲ್ಕ ಬೇರೆಯೇ ಬರುತ್ತದಾ? ಮಧ್ಯದಲ್ಲಿ ನಾನು ಬಿಟ್ಟುಹೋದರೆ ಏನು ಕೊಡಬೇಕು? "ಒಂದು ಪೈಸೆ ಕೊಡಬೇಕಿಲ್ಲ" ಎಂಬ ಜಾಹೀರಾತಿನ ಹಿಂದೆ ಈ ಉತ್ತರಗಳು ಅಡಗಿರುತ್ತವೆ. ಎಲ್ಲವೂ ಬರವಣಿಗೆಯಲ್ಲಿ ಇರಲಿ. ಕೇಸಿನ ಅವಧಿ ಎಷ್ಟು ಎಂದೂ ಕೇಳಿ. ಆ ಉದ್ದಕ್ಕೂ ಕಂತು, ವಿಮೆ ನೀವೇ ಕಟ್ಟುತ್ತಿರಬೇಕು. ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಪೆಟ್ಟು ಬೀಳುವುದು ನಿಮ್ಮ ಕ್ರೆಡಿಟ್ ಸ್ಕೋರಿಗೆ, ಕಂಪನಿಗಲ್ಲ.

ನೇರವಾಗಿ ಗ್ರಾಹಕರಿಗೇ ಮಾರುವ ಕಂಪನಿಯಿಂದ ಕೊಂಡವರು ತಮ್ಮ ಆರ್ಡರ್ ಒಪ್ಪಂದದಲ್ಲಿ ಆರ್ಬಿಟ್ರೇಷನ್ ಷರತ್ತು ಇದೆಯಾ ನೋಡಿ. ಕೆಲವು ಒಪ್ಪಂದಗಳಲ್ಲಿ ಸಹಿ ಹಾಕಿದ 30 ದಿನದೊಳಗೆ ಪತ್ರ ಬರೆದು ಆ ಷರತ್ತಿನಿಂದ ಹೊರಬರಬಹುದು. ಕಾರು ಚೆನ್ನಾಗಿ ಓಡುತ್ತಿರುವಾಗಲೇ ಈ ಪತ್ರ ಬರೆದುಬಿಡುವುದು ಜಾಣತನ.

ಕೈಗೆ ಎಷ್ಟು ಬರುತ್ತದೆ?

ಕಂಪನಿ ಕಾರು ವಾಪಸ್ ತೆಗೆದುಕೊಂಡರೂ ಪೂರ್ತಿ ದುಡ್ಡು ಬರುವುದಿಲ್ಲ. ನೀವು ಓಡಿಸಿದ ಮೈಲಿಗೆ ಕಡಿತ ಇರುತ್ತದೆ. ಇಲ್ಲೂ ರಾಜ್ಯಗಳ ಲೆಕ್ಕ ಬೇರೆ. 42,000 ಡಾಲರ್ ಕಾರು, ತೊಂದರೆಗೆ ಮೊದಲ ಸಲ ಡೀಲರ್ ಬಳಿ ತಂದಾಗ 6,000 ಮೈಲಿ ಓಡಿತ್ತು ಎಂದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಆ ಮೈಲಿಯನ್ನು 1,20,000ದಿಂದ ಭಾಗಿಸಿ ಬೆಲೆಗೆ ಗುಣಿಸುತ್ತಾರೆ. ಕಡಿತ 2,100 ಡಾಲರ್. ನ್ಯೂಜೆರ್ಸಿಯಲ್ಲಿ ಭಾಗಿಸುವುದು 1,00,000ದಿಂದ, ಅಲ್ಲಿಗೆ 2,520 ಡಾಲರ್. ನ್ಯೂಯಾರ್ಕ್‌ನಲ್ಲಿ ಮೊದಲ 12,000 ಮೈಲಿ ಲೆಕ್ಕಕ್ಕೇ ಇಲ್ಲ. ಅದರ ಮೇಲೆ ಓಡಿದ ಮೈಲಿಗೆ ಮಾತ್ರ, ಅದೂ 1,00,000ದಿಂದ ಭಾಗಿಸಿ.

ಇದರಿಂದ ಒಂದು ಮುಖ್ಯ ವಿಷಯ ಹೊರಬರುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಕಡಿತ ನಿಲ್ಲುವುದು ತೊಂದರೆಯನ್ನು ಮೊದಲು ತೋರಿಸಿದ ದಿನದ ಮೈಲಿಗೆ. "ಮುಂದಿನ ಆಯಿಲ್ ಚೇಂಜ್ ಹೊತ್ತಿಗೆ ಒಟ್ಟಿಗೆ ಹೇಳೋಣ" ಎಂದು ತಳ್ಳಿದಷ್ಟೂ ನಿಮ್ಮ ದುಡ್ಡು ಕರಗುತ್ತದೆ. ಲಕ್ಷಣ ಕಂಡ ವಾರವೇ ತೋರಿಸಿ, ಬರೆಸಿ.

ವಾಪಸ್ ಬರುವ ಮೊತ್ತದಲ್ಲಿ ಮಾರಾಟ ತೆರಿಗೆ, ನೋಂದಣಿ ಶುಲ್ಕ, ಕ್ಯಾಲಿಫೋರ್ನಿಯಾದಲ್ಲಿ ಟೋಯಿಂಗ್ ಮತ್ತು ಬಾಡಿಗೆ ಕಾರಿನಂಥ ಖರ್ಚೂ ಸೇರುತ್ತದೆ. ಡೀಲರ್ ತಾನಾಗಿ ಹಾಕಿಸಿದ ಅಲಾರಂ, ಪೇಂಟ್ ಕೋಟಿಂಗ್ ಇಂಥವು ಅಲ್ಲಿ ಸೇರುವುದಿಲ್ಲ. ಸಾಲ ಇದ್ದರೆ ಮೊದಲು ಬ್ಯಾಂಕಿಗೆ, ಉಳಿದದ್ದು ನಿಮಗೆ. ಹಳೆ ಕಾರಿನ ಸಾಲ ತೀರದೆ ಅದನ್ನೂ ಹೊಸ ಸಾಲಕ್ಕೆ ಸೇರಿಸಿದ್ದರೆ ಆ ಭಾಗವನ್ನು ಕಂಪನಿ ಕೊಡಲು ಒಪ್ಪುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ಲೀಸ್ ಗಾಡಿಗಳಿಗೂ ಈ ನಾಲ್ಕು ರಾಜ್ಯಗಳಲ್ಲಿ ಕಾನೂನು ಅನ್ವಯಿಸುತ್ತದೆ.

ದುಡ್ಡು ಬೇಡ, ಬೇರೆ ಕಾರು ಕೊಡಿ ಎಂದೂ ಕೇಳಬಹುದು. ಅದೇ ಮಾದರಿ ಇಷ್ಟ, ಈ ಒಂದು ಗಾಡಿ ಮಾತ್ರ ಕೆಟ್ಟದ್ದು ಎನಿಸಿದರೆ ಅದು ಚೆನ್ನ. ಕಾರು ಕೊಂಡ ಮೇಲೆ ಬೆಲೆ ಏರಿದ್ದರೂ ಅನುಕೂಲ. ಆದರೆ ಬುಲೆಟಿನ್ ನೋಡಿದಾಗ ಆ ವರ್ಷದ ಎಲ್ಲ ಗಾಡಿಗಳಿಗೂ ಅದೇ ಕಾಯಿಲೆ ಎಂದು ಗೊತ್ತಾದರೆ ಬೇಡಪ್ಪ ಬೇಡ. ದುಡ್ಡೇ ತೆಗೆದುಕೊಳ್ಳಿ.

ಮಾರಿ ಕೈತೊಳೆದುಕೊಂಡರೆ?

ಬೇಸತ್ತವರಿಗೆ ಮೊದಲು ಹೊಳೆಯುವುದು ಇದೇ. ಡೀಲರ್ ಕೂಡ "ಇದನ್ನು ಟ್ರೇಡ್-ಇನ್ ಮಾಡಿ, ಹೊಸದಕ್ಕೆ ಒಳ್ಳೆ ಡೀಲ್ ಕೊಡ್ತೀವಿ" ಅನ್ನುತ್ತಾರೆ. ಅವರಿಗೆ ಎರಡು ವ್ಯಾಪಾರ, ನಿಮಗೆ ಎರಡು ನಷ್ಟ. ಹೊಸ ಕಾರಿನ ಬೆಲೆ ಮೊದಲ ವರ್ಷವೇ ಜಾಸ್ತಿ ಇಳಿಯುತ್ತದೆ, ಆ ಇಳಿತ ನಿಮ್ಮ ಜೇಬಿನಿಂದ ಹೋಗುತ್ತದೆ. ಕಾರು ಕೈಬಿಟ್ಟ ಮೇಲೆ ಲೆಮನ್ ಲಾ ಅರ್ಜಿಯ ಬಲವೂ ಕುಗ್ಗುತ್ತದೆ, ಪರೀಕ್ಷೆಗೆ ತೋರಿಸಲು ಗಾಡಿಯೇ ಇರುವುದಿಲ್ಲ.

ಆದರೂ ಇದು ಸರಿಯಾದ ದಾರಿಯಾಗುವ ಸಂದರ್ಭ ಇದೆ. ರಾಜ್ಯದ ಅವಧಿ ಮುಗಿದಿದೆ, ಕಾಗದ ಸರಿಯಾಗಿಲ್ಲ, ತೊಂದರೆ ಸುರಕ್ಷತೆಯದ್ದಲ್ಲ, ಸಾಲವೂ ಹೆಚ್ಚಿಲ್ಲ. ಅಂಥವರು ಒಂದು ವರ್ಷ ಕೇಸಿನ ಹಿಂದೆ ಅಲೆಯುವುದಕ್ಕಿಂತ ಎರಡು ಮೂರು ಕಡೆ ಬೆಲೆ ಕೇಳಿ ಮಾರುವುದೇ ವಾಸಿ. ತೊಂದರೆ ಇರುವುದನ್ನು ಮುಚ್ಚಿಟ್ಟು ಖಾಸಗಿಯಾಗಿ ಯಾರಿಗಾದರೂ ಮಾರುವುದು ಮಾತ್ರ ಬೇಡ. ಮುಂದೆ ಅದು ನಿಮ್ಮ ಮೇಲೆಯೇ ಕೇಸಾಗಬಹುದು.

ಇನ್ನು ಹೊಸದಾಗಿ ಹುಡುಕುತ್ತಿರುವವರಿಗೆ ಒಂದು ಮಾತು. ಕಂಪನಿ ವಾಪಸ್ ತೆಗೆದುಕೊಂಡ ಕಾರುಗಳು ಗುಜರಿಗೇ ಹೋಗುವುದಿಲ್ಲ. ಸರಿಮಾಡಿ ಮತ್ತೆ ಮಾರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕಾರಿನ ಟೈಟಲ್ (ಒಡೆತನದ ಪತ್ರ) ಮೇಲೆ ಲೆಮನ್ ಲಾ ಬೈಬ್ಯಾಕ್ ಎಂದು ಮುದ್ರೆ ಇರಬೇಕು, ಬಾಗಿಲ ಚೌಕಟ್ಟಿನಲ್ಲಿ ಸ್ಟಿಕ್ಕರ್ ಇರಬೇಕು, ಏನು ತೊಂದರೆ ಇತ್ತು ಎಂದು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಬಾಗಿಲು ತೆಗೆದು ಆ ಸ್ಟಿಕ್ಕರ್ ಇದೆಯಾ ನೋಡಿ, ಟೈಟಲ್ ಇತಿಹಾಸವನ್ನೂ ತೆಗೆಸಿ.